ಲಗ್ಗೆರೆಯ ಓದೋ ಗೇಮು

ಸರ್ಕಾರಿ ಶಾಲೆಗೆ ಹೊಸದಾಗಿ ಇಂಗ್ಲಿಷ್ ಟೀಚರ್ ಆಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪಾಠಯೋಜನೆ ಹೇಗೆ ಬರೆಯಬೇಕು, ಇನ್‌ಸ್ಪೆಕ್ಷನ್ನಿಗೆ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು ಎಂದು ಕೇಳುತ್ತಾರೆ. ನಾನು ಅದಕ್ಕೆ ಎರಡು ಮಾತು ಹೇಳಿ, ಕಾಫಿ ಕೊಟ್ಟು, ಕಂಪ್ಯೂಟರ್ ಗೇಮಿನ ವಿಷಯಕ್ಕೆ ಬಂದುಬಿಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸರ್ವೀಸಿನ ಬಹುಭಾಗ ಲಗ್ಗೆರೆಯ ಹೈಸ್ಕೂಲಿನಲ್ಲಿ ಕಳೆದ ಹೆಂಗಸು ಕೊನೆಗೆ ಹೇಳುವುದು ಗೇಮಿನ ಕತೆಯೇ ಅಂತ ಅನ್ನಿಸುತ್ತಿರಬೇಕು. ಅನ್ನಿಸಲಿ. ನನಗೆ ಬಡ್ತಿ ಯಾವಾಗ ಬಂತು, ಯಾವ ಸ್ಕೇಲ್ ಸಿಕ್ಕಿತು ಎನ್ನುವುದು ಈಗ ಸರಿಯಾಗಿ ನೆನಪಿಲ್ಲ. ಆ ಗೇಮುಗಳ ಒಂದೊಂದು ಕೋಣೆಯೂ ನೆನಪಿದೆ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ವಿಜಯನಗರದಿಂದ ಬಸ್ಸು ಬದಲಾಯಿಸಿಕೊಂಡು ಲಗ್ಗೆರೆಗೆ ಹೋಗುತ್ತಿದ್ದೆ. ಮಕ್ಕಳ ಅಪ್ಪಂದಿರು ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ, ಅಮ್ಮಂದಿರು ಗಾರ್ಮೆಂಟ್ಸ್‌ನಲ್ಲಿ. ಎಂಟನೇ ಕ್ಲಾಸಿನ ಮಕ್ಕಳು ಹಸುವಿನ ಮೇಲಿನ ಇಂಗ್ಲಿಷ್ ಪ್ರಬಂಧವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದರು. ನಡುವೆ ನಿಲ್ಲಿಸಿ "ವೇರ್ ಈಸ್ ಯುವರ್ ಬ್ಯಾಗ್?" ಅಂದರೆ ಛಾವಣಿ ನೋಡುತ್ತಿದ್ದರು. ಹಸುವಿಗೆ ನಾಲ್ಕು ಕಾಲು ಎಂದು ಗೊತ್ತಿತ್ತು, ತಮ್ಮ ಬ್ಯಾಗು ಎಲ್ಲಿದೆ ಎಂದು ಹೇಳಲು ಬರುತ್ತಿರಲಿಲ್ಲ.

ಆ ಹೊತ್ತಿಗೆ ಶಾಲೆಗೆ ಕಂಪ್ಯೂಟರುಗಳು ಬಂದವು. ಹೆಡ್‌ಮಾಸ್ಟರು ಹನುಮಂತರಾಯಪ್ಪನವರು ಅವಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸಿ, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದರು. ಕೆಟ್ಟ ಮನುಷ್ಯರಲ್ಲ. ಏನಾದರೂ ಹಾಳಾದರೆ ಮೇಲಿನವರಿಗೆ ಉತ್ತರ ಕೊಡಬೇಕಲ್ಲ ಎಂಬ ಭಯ. ವಾರಕ್ಕೊಂದು ಪೀರಿಯಡ್ ಕೊಡಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಕೊಡಿಸಿಕೊಂಡ ಮೇಲೆ ಅಲ್ಲಿ ಏನು ಮಾಡಿಸಬೇಕು ಅನ್ನುವುದು ನನಗೇ ಗೊತ್ತಿರಲಿಲ್ಲ!

ಅದು ಗೊತ್ತಾದದ್ದು ನಮ್ಮ ರಸ್ತೆಯ ಸೈಬರ್ ಸೆಂಟರಿನಲ್ಲಿ. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಲು ಹೋಗಿದ್ದೆ. ಅಂಗಡಿಯ ಗಿರೀಶ್, ನಲವತ್ತು ದಾಟಿದ ಮನುಷ್ಯ, ಕಪ್ಪು ಪರದೆಯ ಮುಂದೆ ಕೂತು ತನ್ನಷ್ಟಕ್ಕೆ ನಗುತ್ತಿದ್ದರು. ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರ.

"ಏನ್ರೀ ಅದು?"

"ಗೇಮು ಮೇಡಂ. ಪಾಲಿಟೆಕ್ನಿಕ್‌ನಲ್ಲಿದ್ದಾಗ ಆಡ್ತಿದ್ವಿ. ಇದ್ರಲ್ಲಿ ಚಿತ್ರ ಇರಲ್ಲ. ನೀವು ಎಲ್ಲಿದೀರ, ಸುತ್ತ ಏನೇನಿದೆ ಅಂತ ಅದು ಹೇಳುತ್ತೆ. ನೀವು ಏನ್ ಮಾಡ್ತೀರ ಅಂತ ಟೈಪ್ ಮಾಡ್ಬೇಕು. ನೋಡಿ, ಓಪನ್ ಡೋರ್ ಅಂತೀನಿ. ಬಾಗಿಲು ತೆರೀತು. ಒಳಗೆ ಏನಿದೆ ಅಂತ ಈಗ ಹೇಳುತ್ತೆ."

ನಾನು ನಿಂತಲ್ಲೇ ನಿಂತುಬಿಟ್ಟೆ. ಓದದೆ ಮುಂದೆ ಹೋಗುವಂತಿಲ್ಲ. ಓದಿದ್ದು ಅರ್ಥವಾಗದೆ ಟೈಪ್ ಮಾಡುವಂತಿಲ್ಲ. ಟೈಪ್ ಮಾಡಿದ್ದು ಸರಿಯಿದ್ದರೆ ಬಾಗಿಲೇ ತೆರೆಯುತ್ತದೆ! ನಾನು ಇಷ್ಟು ವರ್ಷ ಸರಿ ಉತ್ತರಕ್ಕೆ ಒಂದು ಕೆಂಪು ರೈಟು ಹಾಕುತ್ತಿದ್ದೆ. ಪ್ರಿಂಟ್ ತೆಗೆಸುವುದನ್ನು ಮರೆತು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತೆ.

ಗಿರೀಶ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಇಂಥ ಆಟಗಳನ್ನು ಹುಡುಕಿ ಒಂದು ಸೀಡಿಗೆ ಹಾಕಿಕೊಟ್ಟರು. ನಾನು ಉತ್ಸಾಹದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಕ್ಲಾಸಿಗೆ ಒಯ್ದೆ. ಅದು ಹಳೇ ಕಾಲದ ಯೂರೋಪಿನ ಕೋಟೆಯ ಆಟ. ಕೋಟೆಯ ಬಾಗಿಲಿಗೊಂದು ಹೆಸರು, ಬಾಗಿಲ ಮೇಲಿನ ಕಬ್ಬಿಣದ ಜಾಲರಿಗೆ ಇನ್ನೊಂದು, ಗೋಡೆಯ ತುದಿಗೆ ಮತ್ತೊಂದು. ಡಿಕ್ಷನರಿ ತಿರುವಿ ತಿರುವಿ ನನ್ನ ಕೈಯೇ ಸೋತಿತು. ಮಕ್ಕಳು ಹೇಗೋ ಒಳಗೆ ಕಾಲಿಟ್ಟರೆ ಮೂರನೇ ಹೆಜ್ಜೆಗೆ ಹಳ್ಳಕ್ಕೆ ಬೀಳುತ್ತಿದ್ದರು, ಪರದೆಯ ಮೇಲೆ "ಯೂ ಆರ್ ಡೆಡ್" ಎಂದು ಬರುತ್ತಿತ್ತು.

"ಮಿಸ್, ಸತ್ತೋದೆ!" ಎಂದು ರಾಘು ಕುಣಿದ. ಆ ಕ್ಲಾಸಿನಲ್ಲಿ ಬಾಯಿ ಮುಚ್ಚದ ಹುಡುಗನೆಂದರೆ ಅವನು.

"ನಾನೂ ಸತ್ತೆ ಮಿಸ್!"

ಒಂದು ಪೀರಿಯಡ್ ಪೂರ್ತಿ ಮಕ್ಕಳು ಸಂತೋಷವಾಗಿ ಸತ್ತರು. ಯಾರೂ ಬಾಯಿಪಾಠ ಮಾಡಿಸದೆ ನನ್ನ ಮಕ್ಕಳು ತಾವಾಗಿಯೇ ಕಲಿತ ಮೊದಲ ಇಂಗ್ಲಿಷ್ ವಾಕ್ಯ "ಯೂ ಆರ್ ಡೆಡ್". ಮಧ್ಯಾಹ್ನ ರಾಘು ಅದನ್ನು ಪಿ.ಟಿ. ಮಾಸ್ಟರಿಗೆ ಹೇಳಿ ಬಿಸಿಲಿನಲ್ಲಿ ಮೈದಾನ ಸುತ್ತಿದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಆಡಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸಿಗೆ ಒಂದು ಮಾತು ಹತ್ತಿತು: ಒಂದು ವಾಕ್ಯವನ್ನು ಹೀಗೆ ಕಲಿಯಬಹುದಾದರೆ ನೂರನ್ನೂ ಕಲಿಯಬಹುದು. ಆಟವನ್ನು ಸರಿಯಾಗಿ ಆರಿಸಬೇಕಾದವಳು ನಾನು.

ಅಂದಿನಿಂದ ಶಾಲೆ ಮುಗಿದ ಮೇಲೆ ಗಿರೀಶ್ ಅಂಗಡಿಯೇ ನನ್ನ ಟ್ರೈನಿಂಗ್ ಕಾಲೇಜಾಯಿತು. ಒಂದೊಂದು ಆಟವನ್ನೂ ನಾನೇ ಕೊನೆಯವರೆಗೆ ಆಡಿ ನೋಡುತ್ತಿದ್ದೆ. ಹೊಸದಾಗಿ ಸೇರಿದವರೇ, ನೀವೂ ಹಾಗೇ ಮಾಡಿ, ಪೂರ್ತಿ ಆಡದ ಆಟವನ್ನು ಕ್ಲಾಸಿಗೆ ಒಯ್ಯಬೇಡಿ. ಮೊದಲು ವಾಕ್ಯ ನೋಡುತ್ತಿದ್ದೆ. ಒಂದೇ ಉಸಿರಿಗೆ ಓದಿ ಮುಗಿಸುವಂತಿದ್ದರೆ ಇರಲಿ, ಇಲ್ಲದಿದ್ದರೆ ಬೇಡ. ಬಂದ ಪದವೇ ಮತ್ತೆ ಮತ್ತೆ ಬರಬೇಕು. ಅಡುಗೆಮನೆಯಲ್ಲಿ ಕಂಡ ಚಾಕು ಹಿತ್ತಲಿನಲ್ಲಿ ಬೇಕಾಗಬೇಕು, ಆಗ "ನೈಫ್" ಅನ್ನುವ ಪದವನ್ನು ಮಗು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತದೆ. ಒಂದು ಆಟ "ಗೆಟ್" ಅಂದರೆ ಮಾತ್ರ ಕೇಳುತ್ತಿತ್ತು, "ಟೇಕ್" ಅಂದರೆ ಹಟ ಹಿಡಿಯುತ್ತಿತ್ತು. ಸರಿಯಾಗಿ ಹೇಳಿದ ಮಗುವಿಗೆ ತಪ್ಪು ಎನ್ನುವ ಯಂತ್ರ ನಮಗೇಕೆ? ಅದನ್ನು ಬಿಟ್ಟೆ. ಇನ್ನೊಂದು ಆಟ ತಪ್ಪು ಟೈಪ್ ಮಾಡಿದವರನ್ನು ವ್ಯಂಗ್ಯ ಮಾಡುತ್ತಿತ್ತು. ಅದನ್ನು ಗಿರೀಶ್ ಎದುರೇ ಅಳಿಸಿಹಾಕಿಸಿದೆ. ವ್ಯಂಗ್ಯ ಮಾಡಲು ಶಾಲೆಯಲ್ಲಿ ನಾವೇ ಬೇಕಾದಷ್ಟು ಜನ ಇದ್ದೆವು.

ನನಗೂ ಹುಚ್ಚು ಹಿಡಿದಿತ್ತು, ಸುಳ್ಳೇಕೆ ಹೇಳಲಿ. ಒಂದು ಆಟದಲ್ಲಿ ತುಕ್ಕು ಹಿಡಿದ ಗೇಟು ವಾರದಿಂದ ತೆರೆದಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ತಟ್ಟನೆ ಹೊಳೆಯಿತು. "ಎಣ್ಣೆ!" ಎಂದು ಕೂಗಿಬಿಟ್ಟೆ.

ಕಂಡಕ್ಟರ್ ತಿರುಗಿ ನೋಡಿದ. "ಏನ್ ಮೇಡಂ, ಚೆಲ್ತಾ?"

"ಇಲ್ಲಪ್ಪ, ಸಿಕ್ತು" ಎಂದೆ. ಸುತ್ತಲಿನವರು ತಮ್ಮ ತಮ್ಮ ಕಾಲ ಕೆಳಗೆ ನೋಡಿಕೊಂಡರು.

ಕೊನೆಗೆ ಸಿಕ್ಕಿದ್ದು ಒಂದು ಬೆಕ್ಕಿನ ಆಟ. ಕಳೆದುಹೋದ ಬೆಕ್ಕನ್ನು ಹುಡುಕಬೇಕು, ಅಷ್ಟೇ. ಒಂದು ಮನೆ, ಅಡುಗೆಮನೆ, ಹಿತ್ತಲು, ಬಾವಿ, ಬೀಗ ಹಾಕಿದ ಶೆಡ್ಡು. ಯಾರೂ ಸಾಯುವುದಿಲ್ಲ. ತಪ್ಪು ಟೈಪ್ ಮಾಡಿದರೆ ಯಾವಾಗಲೂ ಅದೇ ಒಂದು ಉತ್ತರ, "ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಟ್." ಬೈಗುಳವಿಲ್ಲ, ಬೇಸರವಿಲ್ಲ. ಮಕ್ಕಳು ಅದಕ್ಕೆ "ಓದೋ ಗೇಮು" ಎಂದು ಹೆಸರಿಟ್ಟರು. ಕಂಪ್ಯೂಟರ್ ಪೀರಿಯಡ್ಡಿನ ದಿನ ಗೈರುಹಾಜರಿಯೇ ಇರುತ್ತಿರಲಿಲ್ಲ.

ಅದೇ ಕ್ಲಾಸಿನಲ್ಲಿ ಶಿವಲೀಲಾ ಇದ್ದಳು. ಬಾಗಲಕೋಟೆ ಕಡೆಯಿಂದ ಆ ವರ್ಷವಷ್ಟೇ ಬಂದವಳು. ಅಪ್ಪ ಭೀಮಪ್ಪ ಪೀಣ್ಯದ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದರು. ಮೊದಲ ದಿನ ಅವಳು ಎದ್ದು ನಿಂತು ನನ್ನನ್ನು "ಅಕ್ಕೋರಽ" ಎಂದಳು. ಅವರ ಕಡೆ ಟೀಚರನ್ನು ಕರೆಯುವುದೇ ಹಾಗೆ. ಇಡೀ ಕ್ಲಾಸು ಗೊಳ್ಳೆಂದಿತು. ನಾನು ಗದರಿದೆ, ಆದರೆ ಆಗುವುದು ಆಗಿಹೋಗಿತ್ತು. ಅಲ್ಲಿಂದಾಚೆ ಅವಳು ಕನ್ನಡವನ್ನೂ ಮಾತಾಡಲಿಲ್ಲ, ಇಂಗ್ಲಿಷಂತೂ ದೂರ.

ಬೆಕ್ಕಿನ ಆಟದಲ್ಲಿ ಹಿತ್ತಲ ಗೇಟಿನ ಬಳಿ ಒಂದು ನಾಯಿ ಅಡ್ಡ ನಿಲ್ಲುತ್ತದೆ. ಅದನ್ನು ದಾಟದೆ ಶೆಡ್ಡಿಗೆ ದಾರಿಯಿಲ್ಲ. ರಾಘುವಿನ ಗುಂಪು "ಹಿಟ್ ಡಾಗ್" ಎಂದಿತು, "ಕಿಕ್ ಡಾಗ್" ಎಂದಿತು. ಅದು ಒಳ್ಳೆಯ ಯೋಚನೆಯಲ್ಲ ಎಂದು ಕಂಪ್ಯೂಟರ್ ಹೇಳಿತು. ಬ್ರೆಡ್ ಕೊಟ್ಟರು. ನಾಯಿ ಬ್ರೆಡ್ಡನ್ನು ನೋಡಿತು, ನಿಮ್ಮನ್ನೂ ನೋಡಿತು, ಹತ್ತಿರ ಬರಲಿಲ್ಲ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ಮೂಲೆಯ ಕಂಪ್ಯೂಟರಿನ ಮುಂದೆ ಶಿವಲೀಲಾ ಒಂದೊಂದೇ ಅಕ್ಷರ ಹುಡುಕಿ "ಸಿಟ್" ಎಂದು ಒತ್ತಿದಳು. ನೀವು ಕೂತಿರಿ, ನಾಯಿ ಬಾಲ ಆಡಿಸುತ್ತ ಬಂದು ನಿಮ್ಮ ಕೈಯಿಂದ ಬ್ರೆಡ್ ತಿಂದಿತು, ಗೇಟು ಈಗ ಖಾಲಿಯಿದೆ ಎಂದು ಪರದೆಯ ಮೇಲೆ ಬಂತು.

"ಮಿಸ್, ಶಿವಲೀಲಾ ದಾಟುದ್ಲು!" ಕೋಣೆಯೇ ಹಾರಿಹೋಗುವಂಥ ಕೂಗು. ಬೆಂಚು ಹಾರಿ ಎಲ್ಲರೂ ಅವಳ ಸುತ್ತ.

"ಹೆಂಗ್ ಗೊತ್ತಾಯ್ತೇ ನಿಂಗೆ?" ರಾಘು ಕೇಳಿದ.

ಅವಳು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು. "ನಿಂತ್ರ ನಾಯಿಗೆ ಅಂಜಿಕಿ ಆಗ್ತೈತ್ರಿ. ಕುಂತ್ರ ಸುಮ್ಮನಾಗ್ತೈತಿ."

ಈ ಸಲ ಯಾರೂ ನಗಲಿಲ್ಲ. ಎಲ್ಲರಿಗೂ ನಾಯಿ ದಾಟುವ ಅವಸರ.

ಪೀರಿಯಡ್ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಕೇಳಿದೆ. "ಕ್ಲಾಸಲ್ಲಿ ಒಂದು ಮಾತೂ ಆಡಲ್ಲ, ಇಲ್ಲಿ ಇಷ್ಟು ಚೆನ್ನಾಗಿ ಬರೀತೀಯಲ್ಲ, ಯಾಕಮ್ಮ?"

"ಕಂಪ್ಯೂಟರ್ ನಗಂಗಿಲ್ರಿ" ಎಂದಳು.

ಅದಾದ ಕೆಲವೇ ದಿನಗಳಿಗೆ ನನ್ನ ವೃತ್ತಿಯಲ್ಲೇ ದೊಡ್ಡ ಆಶ್ಚರ್ಯವೊಂದನ್ನು ಕಂಡೆ. ಮಧ್ಯಾಹ್ನದ ಊಟದ ಹೊತ್ತು. ಹೊಂಗೆ ಮರದ ಕೆಳಗೆ ಹತ್ತಾರು ಮಕ್ಕಳು ಗುಂಪುಗೂಡಿದ್ದರು. ಜಗಳವೇನೋ ಅಂದುಕೊಂಡು ಹೋದೆ. ಶಿವಲೀಲಾ ಕಟ್ಟೆಯ ಮೇಲೆ ಬೊಂಬೆಯ ಹಾಗೆ ನೆಟ್ಟಗೆ ಕೂತಿದ್ದಳು, ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ.

"ಲುಕ್!" ಎಂದ ರಾಘು.

"ಯೂ ಆರ್ ಇನ್ ಲಗ್ಗೆರೆ" ಎಂದಳು ಶಿವಲೀಲಾ, ಒಂದೇ ದನಿಯಲ್ಲಿ. "ದೇರ್ ಈಸ್ ಎ ಬಸ್ ಸ್ಟಾಪ್. ದೇರ್ ಈಸ್ ಎ ಬೇಕರಿ."

"ಗೋ ಬೇಕರಿ!"

"ಯೂ ಆರ್ ಇನ್ ದ ಬೇಕರಿ. ದೇರ್ ಈಸ್ ಎ ಬನ್."

"ಈಟ್ ಬನ್!"

"ಯೂ ಡೋಂಟ್ ಹ್ಯಾವ್ ಮನಿ."

ಹೋ ಎಂದರು ಎಲ್ಲರೂ. ಒಬ್ಬಳು ಕನ್ನಡದಲ್ಲಿ ಏನೋ ಅಂದಳು. ಕೂಡಲೇ ಉತ್ತರ ಬಂತು, "ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಟ್." ಆ ಹುಡುಗಿ ತಲೆ ಚಚ್ಚಿಕೊಂಡು ಪಕ್ಕದವಳ ಹತ್ತಿರ ಇಂಗ್ಲಿಷ್ ಪದ ಕೇಳತೊಡಗಿದಳು. ನಾನು ಮರದ ಹಿಂದೆಯೇ ನಿಂತೆ. ಮಕ್ಕಳು ಕಂಪ್ಯೂಟರಿಲ್ಲದೆ ಆಟವನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟಿದ್ದರು! ಊಟದ ಬಿಡುವು ಮುಗಿದ ಬೆಲ್ಲು ಹೊಡೆದದ್ದೂ ತಿಳಿಯಲಿಲ್ಲ.

ಇಷ್ಟರಲ್ಲಿ ಹನುಮಂತರಾಯಪ್ಪನವರ ಕಿವಿಗೆ ಸುದ್ದಿ ಬಿದ್ದಿತ್ತು. ಆಫೀಸಿಗೆ ಕರೆಸಿದರು.

"ಏನ್ ಮೇಡಂ, ಆಟ ಆಡ್ಸೋಕಾ ಸರ್ಕಾರ ಕಂಪ್ಯೂಟರ್ ಕೊಟ್ಟಿರೋದು? ನಾಳೆ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರ್ತಿದಾರೆ. ಉಪಯೋಗ ಆಗದೇ ಇರೋ ಕಂಪ್ಯೂಟರ್‌ನ ಬೇರೆ ಶಾಲೆಗೆ ಕಳಿಸ್ತಾರಂತೆ. ಆನ್ ಮಾಡಿದ ತಕ್ಷಣ ಬೆಕ್ಕು ನಾಯಿ ಅಂತ ಬಂದ್ರೆ ನನ್ ಮರ್ಯಾದೆ ಏನಾಗ್ಬೇಕು?"

"ಸಾರ್, ಒಂದ್ಸಲ ನೀವೇ ಬಂದು ನೋಡಿ, ಮಕ್ಕಳು ಎಷ್ಟು ಓದ್ತಿದಾರೆ ಅಂತ."

"ನೋಡೋದೇನೂ ಬೇಡ. ಕೋಣೆಗೆ ಬೀಗ ಹಾಕ್ತೀನಿ. ಕಂಪ್ಯೂಟರ್ ಮೇಷ್ಟ್ರು ರಜ, ಕೀ ಅವರ ಹತ್ರ ಇದೆ ಅಂತ ಹೇಳ್ತೀನಿ. ನೀವು ಸುಮ್ನಿರಿ."

ಬೀಗ ಹಾಕಿ ಕೀಯನ್ನು ಯಾವಾಗಲೂ ಮಾಡುವಂತೆ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ವರಾಂಡದಲ್ಲಿ ನೀರು ಕುಡಿಯುತ್ತಿದ್ದ ಮಕ್ಕಳೂ ನೋಡಿದರು. ಉಪಯೋಗವಿಲ್ಲ ಎಂದು ಸಾಹೇಬರು ಬರೆದುಕೊಂಡು ಹೋದರೆ ಕಂಪ್ಯೂಟರುಗಳು ಹೋಗುತ್ತವೆ. ಆಟ ನೋಡಿ ಕೋಪಿಸಿಕೊಂಡರೂ ಹೋಗುತ್ತವೆ. ಬಸ್ಸಿನಲ್ಲಿ ಮನೆಗೆ ಬರುವಾಗ ಎರಡೂ ದಾರಿ ಮುಚ್ಚಿದ ಹಾಗೆ ಅನ್ನಿಸಿತು.

ಮರುದಿನ ಸಾಹೇಬರು ಬಂದರು. ಸಣ್ಣ ದನಿಯ, ಗಂಭೀರ ಮನುಷ್ಯ. ಕಂಪ್ಯೂಟರ್ ಕೋಣೆ ಕೇಳಿದರು, ಹೆಡ್‌ಮಾಸ್ಟರು ಸಿದ್ಧಮಾಡಿದ ಉತ್ತರ ಕೊಟ್ಟರು. ಸಾಹೇಬರು "ಓಹೋ" ಎಂದು ಏನನ್ನೋ ಬರೆದುಕೊಂಡರು. ಆಮೇಲೆ ಎಂಟನೇ ಕ್ಲಾಸಿಗೆ ಬಂದು, ಎದುರಿಗೆ ಕಂಡ ಶಿವಲೀಲಾಳನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಹೆಸರೇನು, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು.

ಅವಳು ತಲೆ ತಗ್ಗಿಸಿ ನಿಂತಳು. ಇನ್ನೊಮ್ಮೆ ಕೇಳಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಸಾರ್, ಹಂಗ್ ಕೇಳಿದ್ರೆ ಅವ್ಳು ಹೇಳಲ್ಲ ಸಾರ್" ಎಂದ ರಾಘು ಹಿಂದಿನ ಬೆಂಚಿನಿಂದ. "ಅವ್ಳು ಕಂಪ್ಯೂಟರ್ ಸಾರ್. ಲುಕ್ ಅನ್ನಿ ಸಾರ್."

"ಏಯ್, ಕೂತ್ಕೊಳೋ!" ಹೆಡ್‌ಮಾಸ್ಟರು ಬಾಗಿಲ ಬಳಿಯಿಂದ ಗುಡುಗಿದರು.

ಸಾಹೇಬರು ಕೈ ಎತ್ತಿ ತಡೆದರು. ಅವನನ್ನೂ ಅವಳನ್ನೂ ನೋಡಿ, ಸ್ವಲ್ಪ ಅನುಮಾನದಿಂದಲೇ, "ಲುಕ್" ಎಂದರು.

ಶಿವಲೀಲಾ ತಲೆ ಎತ್ತಿದಳು. ಬೆನ್ನು ನೆಟ್ಟಗಾಯಿತು. "ಯೂ ಆರ್ ಇನ್ ಎ ಕ್ಲಾಸ್‌ರೂಮ್. ದೇರ್ ಆರ್ ಮೆನಿ ಚಿಲ್ಡ್ರನ್ ಹಿಯರ್. ದೇರ್ ಈಸ್ ಎ ಹೆಡ್‌ಮಾಸ್ಟರ್ ನಿಯರ್ ದ ಡೋರ್. ದಿ ಹೆಡ್‌ಮಾಸ್ಟರ್ ಈಸ್ ಆಂಗ್ರಿ."

ಸಾಹೇಬರ ಹುಬ್ಬು ಮೇಲೇರಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗೋ ಟು ಕಂಪ್ಯೂಟರ್ ರೂಮ್" ಎಂದರು.

"ದಿ ಕಂಪ್ಯೂಟರ್ ರೂಮ್ ಈಸ್ ಲಾಕ್ಡ್."

"ವೇರ್ ಈಸ್ ದ ಕೀ?"

"ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಟ್."

"ಪ್ರಶ್ನೆ ಕೇಳಂಗಿಲ್ಲ ಸಾರ್" ಎಂದು ಈಗ ಇಡೀ ಕ್ಲಾಸೇ ಸಾಹೇಬರಿಗೆ ಹೇಳಿಕೊಡಲು ನಿಂತಿತು. "ಫೈಂಡ್ ಕೀ ಅನ್ಬೇಕು ಸಾರ್!"

"ಫೈಂಡ್ ಕೀ."

"ದಿ ಕೀ ಈಸ್ ಇನ್ ದ ಹೆಡ್‌ಮಾಸ್ಟರ್ಸ್ ಪಾಕೆಟ್."

ಆಣೆ ಮಾಡಿ ಹೇಳುತ್ತೇನೆ, ಅವಳು ಚಾಡಿ ಹೇಳಲಿಲ್ಲ. ಆಟದ ನಿಯಮ ಹಾಗೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಕೇಳಿದ್ದು ಎಲ್ಲಿದೆಯೋ ಅಲ್ಲಿದೆ ಎನ್ನುತ್ತದೆ. ಹನುಮಂತರಾಯಪ್ಪನವರ ಕೈ ತಾನಾಗಿಯೇ ಜೇಬಿನ ಮೇಲೆ ಹೋಗಿತ್ತು. ಸಾಹೇಬರು ಅವರ ಕಡೆ ತಿರುಗಿ, ಅಂಗೈ ಚಾಚಿ, ಅದೇ ಸಣ್ಣ ದನಿಯಲ್ಲಿ ಹೇಳಿದರು:

"ಟೇಕ್ ಕೀ."

ಕೋಣೆ ತೆರೆಯಿತು. ಸಾಹೇಬರು ಒಂದು ಕಂಪ್ಯೂಟರಿನ ಮುಂದೆ ಕೂತು ಬೆಕ್ಕು ಹುಡುಕಲು ಹೊರಟರು, ಅಡುಗೆಮನೆಯಲ್ಲೇ ಸಿಕ್ಕಿಹಾಕಿಕೊಂಡರು. ಮಕ್ಕಳು ಅವರ ಕುರ್ಚಿಗೆ ಜೋತುಬಿದ್ದು ಇಂಗ್ಲಿಷಿನಲ್ಲಿ ದಾರಿ ಹೇಳಿದರು. ಡ್ರೈವರ್ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಹೊರಡುವಾಗ ಸಾಹೇಬರು ನನ್ನನ್ನು ಕರೆದು, "ಮುಂದುವರಿಸಿ ಮೇಡಂ. ಆದ್ರೆ ಆಟ ಅಂತ ಎಲ್ಲೂ ಬರೀಬೇಡಿ. ಓದುವ ಚಟುವಟಿಕೆ ಅಂತ ಬರೀರಿ" ಎಂದರು. ಹೊಸಬರೇ, ಈ ಬುದ್ಧಿಮಾತನ್ನು ನಿಮಗೂ ದಾಟಿಸುತ್ತಿದ್ದೇನೆ. ಕಂಪ್ಯೂಟರುಗಳು ನಮ್ಮಲ್ಲೇ ಉಳಿದವು. ಹನುಮಂತರಾಯಪ್ಪನವರು ಮಾತ್ರ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಭೀಮಪ್ಪ ಮಗಳನ್ನು ಕರೆದುಕೊಂಡು ಆಫೀಸಿನ ಮುಂದೆ ನಿಂತಿದ್ದರು. ಯಾರೋ ಏನೋ ಹೇಳಿದ್ದರು. ಹೆಗಲ ಟವೆಲ್ಲು ಕೈಯಲ್ಲಿತ್ತು. ಕೆಲಸಕ್ಕೆ ರಜೆ ಹಾಕಿ ಬಂದಿದ್ದರು.

"ನಮ್ಮ ಹುಡುಗಿ ದೊಡ್ಡವ್ರ ಮುಂದ ತಪ್ಪ್ ಮಾತಾಡ್ಯಾಳಂತ್ರಿ. ಸಾಲಿ ಬಿಡಿಸಬ್ಯಾಡ್ರಿ ಸರ. ಹೊಟ್ಟ್ಯಾಗ ಹಾಕ್ಕೋರಿ."

ನಾನು ಬಾಗಿಲಲ್ಲೇ ನಿಂತೆ. ಹನುಮಂತರಾಯಪ್ಪನವರು ಎದ್ದು ಬಂದು ಅವರಿಗೆ ಕುರ್ಚಿ ತೋರಿಸಿದರು. ಭೀಮಪ್ಪ ಕೂರಲಿಲ್ಲ. ಭುಜ ಹಿಡಿದು ಕೂರಿಸಿದರು.

"ಅವಳು ತಪ್ಪೇನೂ ಮಾತಾಡಿಲ್ಲಪ್ಪ. ಇದ್ದಿದ್ದನ್ನ ಇದ್ದಂಗೆ ಹೇಳಿದ್ಲು. ಅದೂ ಇಂಗ್ಲಿಷಲ್ಲಿ" ಎಂದವರು, ಜೇಬಿನಿಂದ ಕೀ ತೆಗೆದು ಶಿವಲೀಲಾಳ ಕೈಗೆ ಕೊಟ್ಟರು. "ಹೋಗಮ್ಮ, ಅಪ್ಪಂಗೆ ತೋರ್ಸು."

ಭೀಮಪ್ಪ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರಿಗೆ ಕನ್ನಡ ಓದಲೂ ಬರುತ್ತಿರಲಿಲ್ಲ. ಮಗಳ ಪಕ್ಕದಲ್ಲಿ ಮೈ ಮುದುಡಿಕೊಂಡು ಕೂತರು. ಅವಳು ಆಟ ಶುರುಮಾಡಿ, ಪರದೆಯ ಇಂಗ್ಲಿಷ್ ಓದಿ, ತಮ್ಮ ಮಾತಿನಲ್ಲಿ ಹೇಳಿದಳು.

"ಅಪ್ಪಾ, ನಾವೀಗ ಅಡಗಿ ಮನ್ಯಾಗ ಅದೀವಿ. ಒಂದು ಕಿಟಕಿ ಐತಿ, ಮುಚ್ಚೇತಿ. ಏನ್ ಮಾಡೂಣು?"

ಅವರು ನನ್ನ ಕಡೆ ನೋಡಿದರು, ಹೆಡ್‌ಮಾಸ್ಟರ ಕಡೆ ನೋಡಿದರು. "ನಾ ಹೇಳಬೇಕೇನು?"

"ಹೂಂ, ನೀನ ಹೇಳಬೇಕು."

"ಹಂಗಾರ ಕಿಟಕಿ ತಗಿ. ಗಾಳಿ ಬರಲಿ."

ಅವಳು ಟೈಪ್ ಮಾಡಿದಳು. ಹೊಸ ಸಾಲು ಮೂಡಿತು. "ತೆರೀತಪ್ಪಾ! ಹೊರಗ ಬಾವಿ ಕಾಣಾಕ್ಹತ್ತೈತಿ."

ಭೀಮಪ್ಪ ಮುಂದಕ್ಕೆ ಬಾಗಿ ಪರದೆಯೊಳಗೆ ಇಣುಕಿದರು. "ಎಲ್ಲೈತಿ?"

"ಇಲ್ಲೆ, ಬರದೈತಿ ನೋಡು" ಎಂದು ಅವಳು ಒಂದು ಪದದ ಮೇಲೆ ಬೆರಳಿಟ್ಟಳು. ಅವರು ಟವೆಲ್ಲಿಗೆ ಕೈ ಒರೆಸಿಕೊಂಡು, ಅವಳ ಬೆರಳಿನ ಪಕ್ಕದಲ್ಲೇ ತಮ್ಮ ದಪ್ಪ ಬೆರಳನ್ನು ಗಾಜಿಗೆ ಮುಟ್ಟಿಸಿದರು.

"ಇದು ಬಾವಿ?"

"ಹೂಂ, ಬಾವಿ."

ಬೆರಳು ತೆಗೆಯದೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀರ ಐತೇನು ನೋಡು" ಎಂದರು. ಶಿವಲೀಲಾ ಟೈಪ್ ಮಾಡತೊಡಗಿದಳು.